ಸ್ಟೆಂಟ್ ಮತ್ತು ಪ್ಲಾಕ್ ಸಂಶೋಧನೆಗೆ ಯಾವ ಪ್ರಾಣಿ ಮಾದರಿ? ಸುಂಡಿಲಿ, ಇಲಿ, ಮೊಲ, ಹಂದಿಗಳ ಹೋಲಿಕೆ

ಹೃದಯದ ಧಮನಿಯನ್ನು ತೆರೆದಿಡಲು ಹಾಕುವ ಜಾಲರಿ ಕೊಳವೆಯಾದ ಹೊಸ ಸ್ಟೆಂಟನ್ನಾಗಲಿ, ಧಮನಿಯ ಗೋಡೆಯಲ್ಲಿ ಕಟ್ಟಿಕೊಂಡ ಕೊಬ್ಬಿನ ಪ್ಲಾಕನ್ನು ಕುಗ್ಗಿಸುವ ಹೊಸ ಔಷಧವನ್ನಾಗಲಿ ಮನುಷ್ಯರಿಗೆ ಕೊಡುವ ಮುನ್ನ ಯಾವ ಪ್ರಾಣಿಯಲ್ಲಿ ಪರೀಕ್ಷಿಸಬೇಕು ಎಂಬ ಪ್ರಶ್ನೆಯನ್ನು ಫಾರ್ಮಕಾಲಜಿ, ಪಶುವೈದ್ಯಕೀಯ ಮತ್ತು ಬಯೋಮೆಡಿಕಲ್ ಎಂಜಿನಿಯರಿಂಗ್ ಓದುತ್ತಿರುವವರು ಮತ್ತೆ ಮತ್ತೆ ಕೇಳುತ್ತಾರೆ. ಬಹಳ ಸಲ ಈ ಆಯ್ಕೆ ವಿಚಾರ ಮಾಡಿ ಆಗಿರುವುದಿಲ್ಲ. ಲ್ಯಾಬಿನಲ್ಲಿ ಸುಂಡಿಲಿಗಳಿವೆ ಎಂದು ಸುಂಡಿಲಿ, ಹಿಂದಿನ ವಿದ್ಯಾರ್ಥಿ ಮೊಲದಲ್ಲಿ ಮಾಡಿದ್ದ ಎಂದು ಮೊಲ, ಹೀಗೆ ಕೈಗೆ ಸಿಕ್ಕಿದ್ದೇ ಮಾದರಿಯಾಗಿಬಿಡುತ್ತದೆ. ನನ್ನ ಅಭಿಪ್ರಾಯದಲ್ಲಿ ಆಯ್ಕೆಗೆ ಒಂದೇ ಮೂಲಸೂತ್ರವಿದೆ: ನಿಮ್ಮ ಊಹೆ ತಪ್ಪಾಗಿದ್ದರೆ ಅದನ್ನು ತಪ್ಪೆಂದು ತೋರಿಸುವ ಶಕ್ತಿ ಯಾವ ಮಾದರಿಗಿದೆಯೋ ಅದನ್ನೇ ಆರಿಸಿಕೊಳ್ಳಬೇಕು. ನಿಮ್ಮ ಔಷಧಕ್ಕೆ ಸುಲಭವಾಗಿ ಒಲಿಯುವ ಪ್ರಾಣಿಯಲ್ಲಿ ಬಂದ ಒಳ್ಳೆಯ ಫಲಿತಾಂಶಕ್ಕೆ ಹೆಚ್ಚಿನ ಬೆಲೆಯಿಲ್ಲ.

ಇದಕ್ಕೆ ಈ ಕ್ಷೇತ್ರದ ಇತಿಹಾಸದಲ್ಲೇ ಎರಡು ದೊಡ್ಡ ಪಾಠಗಳಿವೆ. 1989ರಲ್ಲಿ ಸಿಲಾಜಪ್ರಿಲ್ ಎಂಬ ರಕ್ತದೊತ್ತಡದ ಔಷಧವು, ಬಲೂನಿನಿಂದ ಗಾಯಗೊಳಿಸಿದ ಇಲಿಯ ಕುತ್ತಿಗೆಯ ಕೆರೋಟಿಡ್ ಧಮನಿಯಲ್ಲಿ ಹೊಸ ಅಂಗಾಂಶ ಬೆಳೆದು ನಾಳ ಮತ್ತೆ ಕಿರಿದಾಗುವುದನ್ನು ಬಹುಮಟ್ಟಿಗೆ ತಡೆಯಿತು. ಆ ಉತ್ಸಾಹದಲ್ಲಿ ಮನುಷ್ಯರ ಮೇಲೆ ನಡೆದ ಎರಡು ದೊಡ್ಡ ಅಧ್ಯಯನಗಳು, ಅಂದರೆ 1992ರಲ್ಲಿ ಪ್ರಕಟವಾದ ಯುರೋಪಿನ ಮರ್ಕೇಟರ್ ಮತ್ತು 1995ರಲ್ಲಿ ಪ್ರಕಟವಾದ ಅಮೆರಿಕದ ಮಾರ್ಕೇಟರ್, ಎರಡೂ ವಿಫಲವಾದವು. ಅದೇ ಔಷಧ ಬಬೂನ್‌ಗಳಲ್ಲಿ ಕೆಲಸ ಮಾಡಿರಲಿಲ್ಲ. ಈ ಗುಂಪಿನ ಔಷಧಗಳು ಹಂದಿಯ ಹೃದಯ ಧಮನಿಯಲ್ಲಿಯೂ ಫಲ ಕೊಡಲಿಲ್ಲ. ಎರಡನೆಯ ಪಾಠ ಇದಕ್ಕೆ ತಿರುವುಮುರುವು. ಜಪಾನಿನ ಅಕಿರ ಎಂಡೊ ಅವರು 1970ರ ದಶಕದಲ್ಲಿ ಶಿಲೀಂಧ್ರದಿಂದ ಬೇರ್ಪಡಿಸಿದ ಕಾಂಪ್ಯಾಕ್ಟಿನ್, ಮುಂದೆ ಸ್ಟ್ಯಾಟಿನ್ ಎಂದು ಹೆಸರಾದ ಔಷಧಗಳ ಮೊದಲನೆಯದು, ಇಲಿಗಳ ಕೊಲೆಸ್ಟ್ರಾಲನ್ನು ಇಳಿಸಲೇ ಇಲ್ಲ. ಅಷ್ಟಕ್ಕೇ ಕೈಬಿಟ್ಟಿದ್ದರೆ ಇಂದು ಕೋಟ್ಯಂತರ ಜನ ನುಂಗುವ ಮಾತ್ರೆ ಇರುತ್ತಿರಲಿಲ್ಲವೇನೋ. ಮೊಟ್ಟೆಯಿಡುವ ಕೋಳಿಗಳಲ್ಲಿ, ಆಮೇಲೆ ನಾಯಿ ಮತ್ತು ಕೋತಿಗಳಲ್ಲಿ ಪರೀಕ್ಷಿಸಿದಾಗ ಕೊಲೆಸ್ಟ್ರಾಲ್ ಗಣನೀಯವಾಗಿ ಇಳಿಯಿತು. ಅದೇ ಇಲಿ ಒಂದು ಕಡೆ ಸುಳ್ಳು ಆಸೆ ಹುಟ್ಟಿಸಿತು, ಇನ್ನೊಂದು ಕಡೆ ನಿಜವಾದ ಔಷಧವನ್ನು ಮರೆಮಾಡಿತು.

ಮೊದಲು ಅಳತೆಗೋಲುಗಳು

ಎಲ್ಲಕ್ಕಿಂತ ಮೊದಲು ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ. ಸ್ಟೆಂಟಿನ ಕುರಿತ ಪ್ರಶ್ನೆಗಳೇ ಮೂರು ಬಗೆಯವು: ಸಾಧನ ಸರಿಯಾಗಿ ತಲುಪಿ ಅರಳಿ ನಿಲ್ಲುತ್ತದೆಯೇ, ನಾಳದೊಳಗೆ ನಿಯೋಇಂಟಿಮಾ ಎಂಬ ಹೊಸ ಅಂಗಾಂಶ ಎಷ್ಟು ಬೆಳೆಯುತ್ತದೆ, ಮತ್ತು ಸ್ಟೆಂಟಿನ ತಂತಿಗಳ ಮೇಲೆ ನಾಳದ ಒಳಮೈಯ ತೆಳು ಹೊದಿಕೆಯಾದ ಎಂಡೋಥೀಲಿಯಂ ಪದರ ಬೇಗ ಹಬ್ಬಿ ರಕ್ತ ಹೆಪ್ಪುಗಟ್ಟುವ ಅಪಾಯ ತಗ್ಗುತ್ತದೆಯೇ. ಪ್ಲಾಕಿನ ಕುರಿತ ಪ್ರಶ್ನೆಯೇ ಬೇರೆ: ಅದು ಹೇಗೆ ಬೆಳೆಯುತ್ತದೆ, ಯಾವ ಉರಿಯೂತದ ಕಣಗಳು ಅದನ್ನು ಬೆಳೆಸುತ್ತವೆ, ಔಷಧ ಅದನ್ನು ಕುಗ್ಗಿಸುತ್ತದೆಯೇ ಅಥವಾ ಒಡೆಯದಂತೆ ಗಟ್ಟಿಗೊಳಿಸುತ್ತದೆಯೇ.

ಎರಡನೆಯ ಅಳತೆಗೋಲು ನಾಳದ ಗಾತ್ರ. ಮನುಷ್ಯನ ಹೃದಯದ ಮುಖ್ಯ ಧಮನಿಗಳು ಸುಮಾರು 3 ಮಿಲಿಮೀಟರ್ ಅಗಲದವು. ಆ ಅಳತೆಗೆ ತಯಾರಾದ ಸ್ಟೆಂಟನ್ನು 1 ಮಿಲಿಮೀಟರಿನ ನಾಳಕ್ಕೆ ಹಾಕಲಾಗದು. ಚಿಕ್ಕದಾಗಿ ಮಾಡಿದರೆ ಅದು ನೀವು ಪರೀಕ್ಷಿಸಬೇಕಾಗಿದ್ದ ಸಾಧನವಾಗಿ ಉಳಿಯುವುದಿಲ್ಲ. ಮೂರನೆಯದು, ಆ ಪ್ರಾಣಿಯ ನಾಳದಲ್ಲಿ ರೋಗವಿದೆಯೇ ಎಂಬುದು. ಎಳೆಯ, ಆರೋಗ್ಯವಂತ ಪ್ರಾಣಿಯ ನಾಳ ಬೇಗ ಮಾಯುತ್ತದೆ. ದಶಕಗಳ ಪ್ಲಾಕಿನ ಮೇಲೆ ಕೂತ ಸ್ಟೆಂಟು ಹಾಗೆ ಮಾಯುವುದಿಲ್ಲ. ನಾಲ್ಕನೆಯದು ಕೊಬ್ಬಿನ ಸಾಗಾಟದ ಜೀವರಸಾಯನ, ಇದನ್ನು ಸ್ಟೆಂಟಿನವರು ಮರೆತರೂ ನಡೆದೀತು, ಪ್ಲಾಕಿನವರು ಮರೆಯುವಂತಿಲ್ಲ. ಕಾಲ, ಹಣ, ಅನುಮತಿ, ನುರಿತ ಕೈಗಳು ಆಮೇಲೆ ಬರುತ್ತವೆ. ಪ್ರಾಣಿ ಅನುಭವಿಸುವ ನೋವನ್ನು ಕೊನೆಯ ಅಳತೆಗೋಲಾಗಿ ಇಡಬೇಡಿ. ತಪ್ಪು ಮಾದರಿಯಲ್ಲಿ ಕೊಂದ ಪ್ರಾಣಿ ಪೂರ್ತಿ ವ್ಯರ್ಥವಾಗಿ ಸತ್ತಂತೆ, ಆದ್ದರಿಂದ ಮಾದರಿಯ ಆಯ್ಕೆ ಎಂಬುದೇ ನೈತಿಕ ಪ್ರಶ್ನೆಯ ಅರ್ಧ ಭಾಗ.

ಸುಂಡಿಲಿ: ಪ್ಲಾಕಿನ ಜೀವಶಾಸ್ತ್ರಕ್ಕೆ ಸರಿ, ಸ್ಟೆಂಟಿಗೆ ಅಲ್ಲ

ಲ್ಯಾಬಿನಲ್ಲಿ ಮೌಸ್ ಎಂದು ಕರೆಯುವ ಸುಂಡಿಲಿಗೆ ಸಹಜವಾಗಿ ಪ್ಲಾಕ್ ಬರುವುದಿಲ್ಲ. ಅದರ ಕೊಲೆಸ್ಟ್ರಾಲ್ ಬಹುಪಾಲು, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಕಣಗಳಲ್ಲಿ ಸಾಗುತ್ತದೆ. ಮನುಷ್ಯನಲ್ಲಿ ಅದು ಬಹುಪಾಲು, ಕೆಟ್ಟದ್ದೆನ್ನುವ ಎಲ್‌ಡಿಎಲ್‌ನಲ್ಲಿರುತ್ತದೆ. 1992ರಲ್ಲಿ ರಕ್ತದಿಂದ ಕೊಬ್ಬಿನ ಕಣಗಳನ್ನು ತೆರವುಗೊಳಿಸಲು ನೆರವಾಗುವ ಅಪೊಇ ವಂಶವಾಹಿಯನ್ನು ತೆಗೆದ ಸುಂಡಿಲಿ, ಮರುವರ್ಷ ಎಲ್‌ಡಿಎಲ್ ರಿಸೆಪ್ಟರ್ (ರಕ್ತದಿಂದ ಎಲ್‌ಡಿಎಲ್ ಹಿಡಿದುಕೊಳ್ಳುವ ಪ್ರೋಟೀನು) ಇಲ್ಲದ ಸುಂಡಿಲಿ ಸಿದ್ಧವಾದ ಮೇಲೆ ಈ ಕ್ಷೇತ್ರದ ಚಿತ್ರವೇ ಬದಲಾಯಿತು. ಅಪೊಇ ಇಲ್ಲದ ಸುಂಡಿಲಿಗೆ ಸಾಮಾನ್ಯ ಆಹಾರದಲ್ಲೇ ಮಹಾಧಮನಿಯ ಬುಡದಲ್ಲಿ ಪ್ಲಾಕ್ ಕಟ್ಟುತ್ತದೆ, ಕೊಬ್ಬಿನ ಆಹಾರ ಕೊಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಅಳೆಯುವಷ್ಟು ದೊಡ್ಡದಾಗುತ್ತದೆ. 2014ರಿಂದೀಚೆಗೆ, ಈ ರಿಸೆಪ್ಟರನ್ನು ಕಡಿಮೆ ಮಾಡುವ ಪಿಸಿಎಸ್‌ಕೆ9 ವಂಶವಾಹಿಯನ್ನು ಹೊತ್ತ ವೈರಸ್ ವಾಹಕವನ್ನು ಒಂದು ಸಲ ಚುಚ್ಚಿದರೆ ಸಾಕು ಎಂಬ ದಾರಿಯೂ ತೆರೆದಿದೆ. ವರ್ಷಗಟ್ಟಲೆ ತಳಿ ಸಾಕಲಾಗದ ಸಣ್ಣ ಲ್ಯಾಬುಗಳಿಗೆ ಇದು ದೊಡ್ಡ ಅನುಕೂಲ.

ಒಂದು ನಿರ್ದಿಷ್ಟ ಅಣುವಿನ ಪಾತ್ರ ತಿಳಿಯಬೇಕಾದಾಗ ಸುಂಡಿಲಿಗೆ ಸಾಟಿಯಿಲ್ಲ. ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಅಣು ಇಲ್ಲದಂತೆ ಮಾಡಿದ ಅಪೊಇ ಸುಂಡಿಲಿಗಳಲ್ಲಿ ಪ್ಲಾಕ್ ಕಡಿಮೆಯಾಗಿದ್ದು ಮೊದಲು ಕಂಡಿತು. 2017ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ಕ್ಯಾಂಟೋಸ್ ಅಧ್ಯಯನದಲ್ಲಿ, ಆ ಅಣುವನ್ನು ತಡೆಯುವ ಕ್ಯಾನಾಕಿನುಮ್ಯಾಬ್ ಪಡೆದವರಲ್ಲಿ ಹೃದಯಾಘಾತದಂತಹ ಘಟನೆಗಳು ಇಳಿದವು. ಆದರೆ ಸುಂಡಿಲಿಯ ಪ್ಲಾಕ್ ಮನುಷ್ಯನದರಂತೆ ಒಡೆದು, ರಕ್ತ ಹೆಪ್ಪುಗಟ್ಟಿ, ನಾಳ ಮುಚ್ಚುವುದು ಅಪರೂಪ. ಹಾಗಾಗಿ ಒಡೆಯುವ ಪ್ಲಾಕನ್ನು ತಮ್ಮ ಔಷಧ ಗಟ್ಟಿಗೊಳಿಸುತ್ತದೆ ಎಂದು ಹೇಳಬಯಸುವವರು ಸುಂಡಿಲಿಯೊಂದನ್ನೇ ನಂಬಿ ಹೊರಡಬಾರದು. ಸ್ಟೆಂಟಿನ ಮಟ್ಟಿಗೆ, ಸುಂಡಿಲಿಯ ಮಹಾಧಮನಿಯೇ ಸುಮಾರು 1 ಮಿಲಿಮೀಟರ್. ವಿಶೇಷವಾಗಿ ತಯಾರಿಸಿದ ಪುಟ್ಟ ಸ್ಟೆಂಟುಗಳನ್ನು ಹಾಕಿದ ಸಂಶೋಧಕರಿದ್ದಾರೆ. ಅದು ವಂಶವಾಹಿಯ ಪ್ರಶ್ನೆಗೆ ಉತ್ತರಿಸುವ ಸೂಕ್ಷ್ಮ ಶಸ್ತ್ರಕ್ರಿಯೆ, ಸಾಧನದ ಪರೀಕ್ಷೆಯಲ್ಲ.

ಇಲಿ: ಅಗ್ಗ, ವೇಗ, ಆದರೆ ಎಚ್ಚರ

ಇಲಿಯ ಕೆರೋಟಿಡ್ ಧಮನಿಯನ್ನು ಬಲೂನಿನಿಂದ ಉಜ್ಜಿ ಎರಡು ವಾರಗಳ ನಂತರ ನೋಡುವ ವಿಧಾನ 1980ರ ದಶಕದಿಂದ ನಡೆದುಬಂದಿದೆ. ನಯ ಸ್ನಾಯುಕೋಶಗಳು ಹೇಗೆ ಹೆಚ್ಚುತ್ತವೆ, ಹೇಗೆ ಒಳಪದರಕ್ಕೆ ವಲಸೆ ಬರುತ್ತವೆ ಎಂಬ ಮೂಲಜ್ಞಾನ ಬಹುಪಾಲು ಇಲ್ಲಿಂದಲೇ ಬಂದದ್ದು. ಕಡಿಮೆ ಖರ್ಚಿನಲ್ಲಿ ಹತ್ತಾರು ಸಂಯುಕ್ತಗಳನ್ನು ಜರಡಿ ಹಿಡಿಯಲು ಇಂದಿಗೂ ಒಪ್ಪುತ್ತದೆ. ಆದರೆ ಅಲ್ಲಿ ಪ್ಲಾಕ್ ಇಲ್ಲ, ಗಾಯವಾಗುವುದು ಆರೋಗ್ಯವಂತ ನಾಳಕ್ಕೆ, ಮತ್ತು ಸಿಲಾಜಪ್ರಿಲ್‌ನ ಕಥೆ ಆಗಲೇ ಹೇಳಿದ್ದೇನೆ. ಇಲಿಯಲ್ಲಿ ಗೆದ್ದ ಔಷಧ ಮೊಲಕ್ಕೋ ಹಂದಿಗೋ ಹೋಗಲು ಅರ್ಹತೆ ಪಡೆಯಿತು ಎಂದಷ್ಟೇ ತಿಳಿಯಬೇಕು.

ಮೊಲ: ಮಧ್ಯದ ದಾರಿ

ಪ್ಲಾಕ್ ಸಂಶೋಧನೆ ಹುಟ್ಟಿದ್ದೇ ಮೊಲದಲ್ಲಿ. 1913ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ನಿಕೊಲಾಯ್ ಅನಿಚ್‌ಕೊವ್ ಅವರು ಮೊಲಗಳಿಗೆ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟ್ರಾಲ್ ತಿನ್ನಿಸಿ, ಧಮನಿಯ ಗೋಡೆಯಲ್ಲಿ ಕೊಬ್ಬು ಕಟ್ಟುವುದನ್ನು ತೋರಿಸಿದರು. ಅರವತ್ತು ವರ್ಷಗಳ ನಂತರ ಕೋಬೆ ವಿಶ್ವವಿದ್ಯಾಲಯದ ಯೋಶಿಯೊ ವಾತಾನಾಬೆ ಅವರು ಹುಟ್ಟಿನಿಂದಲೇ ಕೊಲೆಸ್ಟ್ರಾಲ್ ವಿಪರೀತವಾಗಿದ್ದ ಮೊಲವೊಂದನ್ನು ಗುರುತಿಸಿ ತಳಿ ಬೆಳೆಸಿದರು. ಎಲ್‌ಡಿಎಲ್ ರಿಸೆಪ್ಟರ್ ದೋಷವಿರುವ ಈ ತಳಿ, ಆ ರಿಸೆಪ್ಟರಿನ ಕೆಲಸಕ್ಕೆ 1985ರ ನೊಬೆಲ್ ಪಡೆದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರ ಸಂಶೋಧನೆಗೂ ನೆರವಾಯಿತು.

ಮೊಲದ ದೊಡ್ಡ ಬಲ ಸಿಇಟಿಪಿ ಎಂಬ ಪ್ರೋಟೀನು. ಕಣದಿಂದ ಕಣಕ್ಕೆ ಕೊಲೆಸ್ಟ್ರಾಲ್ ಸಾಗಿಸುವ ಈ ಪ್ರೋಟೀನು ಮನುಷ್ಯನಲ್ಲೂ ಮೊಲದಲ್ಲೂ ಇದೆ, ಸುಂಡಿಲಿ ಮತ್ತು ಇಲಿಗಳಲ್ಲಿ ಇಲ್ಲ. ಕೊಬ್ಬಿನ ಸಾಗಾಟದ ಮೇಲೆ ಕೆಲಸ ಮಾಡುವ ಔಷಧವಾದರೆ ಇದೊಂದೇ ಕಾರಣಕ್ಕೆ ಮೊಲವನ್ನು ಆರಿಸಬಹುದು. ಹಾಗೆಂದು ಮೊಲ ಎಲ್ಲವನ್ನೂ ಹೇಳಿಬಿಡುತ್ತದೆ ಎಂದಲ್ಲ. ಸಿಇಟಿಪಿಯನ್ನು ತಡೆಯುವ ಟಾರ್ಸೆಟ್ರಾಪಿಬ್ ಮೊಲದಲ್ಲಿ ಪ್ಲಾಕನ್ನು ಕಡಿಮೆ ಮಾಡಿತ್ತು. ಮನುಷ್ಯರಲ್ಲಿ ರಕ್ತದೊತ್ತಡ ಏರಿತು, ಸಾವುಗಳು ಹೆಚ್ಚಾದವು, 2006ರಲ್ಲಿ ಅಧ್ಯಯನವನ್ನೇ ನಿಲ್ಲಿಸಬೇಕಾಯಿತು. ಪ್ಲಾಕನ್ನಷ್ಟೇ ಅಳೆದು ಇಡೀ ದೇಹವನ್ನು ಅಳೆಯದೆ ಬಿಟ್ಟರೆ ಯಾವ ಮಾದರಿಯೂ ಕಾಪಾಡಲಾರದು.

ಸ್ಟೆಂಟಿನ ವಿಷಯಕ್ಕೆ ಬಂದರೆ, ಮೊಲದ ಸೊಂಟದ ಕೆಳಗಿನ ಇಲಿಯಾಕ್ ಧಮನಿಯು ಮನುಷ್ಯನ ಸಣ್ಣ ಹೃದಯ ಧಮನಿಯ ಅಳತೆಗೆ ಹತ್ತಿರವಿದ್ದು, ಮನುಷ್ಯನಿಗೆ ತಯಾರಿಸಿದ ಸ್ಟೆಂಟನ್ನೇ ಹಾಕಬಹುದು. ಎಡಕ್ಕೊಂದು, ಬಲಕ್ಕೊಂದು ಸ್ಟೆಂಟ್ ಹಾಕಿ ಒಂದೇ ಪ್ರಾಣಿಯಲ್ಲಿ ಎರಡನ್ನು ಹೋಲಿಸುವ ಅನುಕೂಲವೂ ಇದೆ. ಎಂಡೋಥೀಲಿಯಂ ಹಂದಿಗಿಂತ ನಿಧಾನವಾಗಿ ಹಬ್ಬುವುದರಿಂದ, ಎರಡು ಸ್ಟೆಂಟುಗಳ ನಡುವಿನ ವ್ಯತ್ಯಾಸ ಮರೆಯಾಗದೆ ಕಾಣುತ್ತದೆ. 2001ರಲ್ಲೇ ಮೊಲದ ಇಲಿಯಾಕ್ ಧಮನಿಯಲ್ಲಿ ಪ್ಯಾಕ್ಲಿಟಾಕ್ಸೆಲ್ ಎಂಬ ಔಷಧ ಹೊರಸೂಸುವ ಸ್ಟೆಂಟಿನ 28 ದಿನಗಳ ಲಾಭ 90 ದಿನಗಳಿಗೆ ಉಳಿಯದೆ, ಗಾಯ ಮಾಯುವುದು ತಡವಾದದ್ದು ಕಂಡಿತ್ತು. ಮೊದಲ ತಲೆಮಾರಿನ ಔಷಧಲೇಪಿತ ಸ್ಟೆಂಟುಗಳಲ್ಲಿ ತಡವಾಗಿ ರಕ್ತ ಹೆಪ್ಪುಗಟ್ಟುವ ಸಮಸ್ಯೆ 2006ರಲ್ಲಿ ಜಗತ್ತಿನಾದ್ಯಂತ ಚರ್ಚೆಯಾಗುವ ಐದು ವರ್ಷ ಮೊದಲೇ ಈ ಸುಳಿವು ಇತ್ತೆಂಬುದನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಮಾಯುವಿಕೆಯ ಪ್ರಶ್ನೆ ಕೇಳುವವರಿಗೆ ನನ್ನ ಮೊದಲ ಸಲಹೆ ಮೊಲವೇ.

ಕೊರತೆಗಳೂ ಇವೆ. ಇಲಿಯಾಕ್ ಧಮನಿಯು ಹೃದಯದ ಬಡಿತದೊಂದಿಗೆ ಬಾಗಿ ತಿರುಚುವ ನಾಳವಲ್ಲ. ಕೊಲೆಸ್ಟ್ರಾಲ್ ತಿನ್ನಿಸಿ ಬೆಳೆಸಿದ ಪ್ಲಾಕಿನಲ್ಲಿ ಕೊಬ್ಬು ತುಂಬಿದ ಕೋಶಗಳೇ ಹೆಚ್ಚು. ಮನುಷ್ಯನ ಹಳೆಯ ಪ್ಲಾಕಿನ ನಾರು, ಸುಣ್ಣ, ಸತ್ತ ತಿರುಳು ಇರುವುದು ಕಡಿಮೆ. ಅತಿಯಾಗಿ ತಿನ್ನಿಸಿದರೆ ಯಕೃತ್ತು ಕೆಡುತ್ತದೆ, ಆಗ ನೀವು ಅಳೆಯುತ್ತಿರುವುದು ಪ್ಲಾಕಿನ ಔಷಧದ ಪರಿಣಾಮವೋ ಕಾಯಿಲೆಬಿದ್ದ ಯಕೃತ್ತಿನದೋ ಎಂದು ಹೇಳಲಾಗದು.

ಹಂದಿ: ಸ್ಟೆಂಟಿನ ಕೊನೆಯ ಪರೀಕ್ಷೆ

ಹಂದಿಯ ಹೃದಯವೂ ಅದರ ಧಮನಿಗಳ ಹಂಚಿಕೆಯೂ ಮನುಷ್ಯನದಕ್ಕೆ ಬಹಳ ಹತ್ತಿರ. ನಾಳದೊಳಗೆ ತೆಳು ಕೊಳವೆ ತೂರಿಸಿ ಚಿಕಿತ್ಸೆ ಮಾಡುವ ಕ್ಯಾಥ್ ಲ್ಯಾಬಿನಲ್ಲಿ ರೋಗಿಗೆ ಬಳಸುವ ಅದೇ ಕ್ಯಾಥೆಟರ್, ಅದೇ ಸ್ಟೆಂಟ್, ನಾಳದೊಳಗಿನ ಚಿತ್ರ ತೆಗೆಯುವ ಅದೇ ಓಸಿಟಿ ಉಪಕರಣ ಇಲ್ಲಿಯೂ ಬಳಕೆಯಾಗುತ್ತವೆ. 1990ರ ದಶಕದ ಆರಂಭದಲ್ಲಿ ಮೇಯೊ ಕ್ಲಿನಿಕ್‌ನ ರಾಬರ್ಟ್ ಶ್ವಾರ್ಟ್ಸ್ ಮತ್ತು ಸಂಗಡಿಗರು, ನಾಳದ ಗೋಡೆಗೆ ಆದ ಗಾಯ ಆಳವಾದಷ್ಟೂ ನಿಯೋಇಂಟಿಮಾ ದಪ್ಪವಾಗುತ್ತದೆ ಎಂದು ಹಂದಿಯಲ್ಲಿ ತೋರಿಸಿ, ಆ ಗಾಯಕ್ಕೆ 0ಯಿಂದ 3ರವರೆಗಿನ ಅಂಕಪದ್ಧತಿ ಕೊಟ್ಟರು. ಸ್ಟೆಂಟನ್ನು ನಾಳಕ್ಕಿಂತ ಶೇಕಡಾ 10ರಿಂದ 20ರಷ್ಟು ಅಗಲವಾಗಿ ಅರಳಿಸಿ, 28 ದಿನಗಳಲ್ಲಿ ನೋಡುವ ಕ್ರಮ ಅಲ್ಲಿಂದ ರೂಢಿಯಾಯಿತು. ಹಂದಿಯ ಆ 28 ದಿನಗಳನ್ನು ಮನುಷ್ಯನ ಸುಮಾರು ಆರು ತಿಂಗಳಿಗೆ ಸಮವೆಂದು ಎಣಿಸುತ್ತಾರೆ. ನಿಯಂತ್ರಕ ಸಂಸ್ಥೆಗಳ ಮುಂದೆ ಹೋಗುವ ಯಾವ ಸ್ಟೆಂಟಿಗೂ ಈ ಮಾದರಿಯ ದತ್ತಾಂಶವನ್ನು ಮೊದಲು ನಿರೀಕ್ಷಿಸುತ್ತಾರೆ.

ಇಷ್ಟಾದರೂ ಹಂದಿಯಿಂದ ಏನನ್ನು ಕೇಳಬೇಕು, ಏನನ್ನು ಕೇಳಬಾರದು ಎಂಬುದು ಸ್ಪಷ್ಟವಿರಬೇಕು. ಸಿರೊಲಿಮಸ್ ಎಂಬ ಔಷಧ ಹೊರಸೂಸುವ ಸ್ಟೆಂಟ್ ಹಂದಿಯಲ್ಲಿ ಒಂದು ತಿಂಗಳಿಗೆ ನಿಯೋಇಂಟಿಮಾವನ್ನು ಕಡಿಮೆ ಮಾಡಿತು, ಆದರೆ 90 ಮತ್ತು 180 ದಿನಗಳಲ್ಲಿ ಬರಿಯ ಲೋಹದ ಸ್ಟೆಂಟಿಗೂ ಅದಕ್ಕೂ ವ್ಯತ್ಯಾಸ ಉಳಿಯಲಿಲ್ಲ. ಮನುಷ್ಯರಲ್ಲೋ, 2002ರ ರಾವೆಲ್ ಅಧ್ಯಯನದಲ್ಲಿ ಆರು ತಿಂಗಳ ನಂತರ ಸಿರೊಲಿಮಸ್ ಗುಂಪಿನ ಒಬ್ಬರಿಗೂ ನಾಳ ಮತ್ತೆ ಕಿರಿದಾಗಿರಲಿಲ್ಲ, ಮತ್ತು ಲಾಭ ವರ್ಷಗಟ್ಟಲೆ ಉಳಿಯಿತು. ಇನ್ನೊಂದು ದಿಕ್ಕಿನ ಉದಾಹರಣೆ ಅಬ್ಸಾರ್ಬ್ ಎಂಬ ಕರಗುವ ಪಾಲಿಮರ್ ಸ್ಟೆಂಟ್. ಹಂದಿಯಲ್ಲಿ ಅದು ವರ್ಷಗಳ ಅವಧಿಯಲ್ಲಿ ನಿರೀಕ್ಷೆಯಂತೆ ಕರಗಿ ಅಂಗಾಂಶದಲ್ಲಿ ಬೆರೆಯಿತು. ರೋಗಿಗಳಲ್ಲಿ ಮಾತ್ರ, ಸುಮಾರು 150 ಮೈಕ್ರೋಮೀಟರ್ ದಪ್ಪದ ಅದರ ಎಳೆಗಳ ಮೇಲೆ ರಕ್ತ ಹೆಪ್ಪುಗಟ್ಟುವುದು ಲೋಹದ ಸ್ಟೆಂಟಿಗಿಂತ ಹೆಚ್ಚಾಯಿತು. 2016ರಲ್ಲಿ ಅಮೆರಿಕದ ಅನುಮತಿ ಪಡೆದ ಸಾಧನದ ಮಾರಾಟ 2017ರಲ್ಲಿ ನಿಂತಿತು. ಎಳೆಯ ಹಂದಿಯ ನುಣುಪಾದ, ಅಳತೆಗೆ ಸರಿಯಾದ ನಾಳದಲ್ಲಿ ಚೆನ್ನಾಗಿ ಕುಳಿತದ್ದು, ಸುಣ್ಣಗಟ್ಟಿದ, ಸಣ್ಣದಾದ ನಾಳದಲ್ಲಿ ಹಾಗೆ ಕೂರಲಿಲ್ಲ. ಆದ್ದರಿಂದ ಹಂದಿಯ ಪರೀಕ್ಷೆಯನ್ನು ಸುರಕ್ಷತೆಯ ಪರೀಕ್ಷೆಯೆಂದೇ ಓದಬೇಕು. ಅಲ್ಲಿ ಉರಿಯೂತ, ಗೋಡೆಯ ಸಾವು, ಹೆಪ್ಪು ಕಂಡರೆ ಸಾಧನವನ್ನು ನಿಲ್ಲಿಸಲು ಅದು ಸಾಕು. ಏನೂ ಕಾಣದಿದ್ದರೆ ಮುಂದಿನ ಹೆಜ್ಜೆಗೆ ಅನುಮತಿ ಸಿಕ್ಕಿತು, ಅಷ್ಟೇ.

ಸಾಮಾನ್ಯ ಸಾಕು ಹಂದಿ ಬೇಗ ಬೆಳೆಯುತ್ತದೆ, ಕೆಲವೇ ತಿಂಗಳಲ್ಲಿ 100 ಕಿಲೋ ದಾಟಿ, ನಾಳವೂ ಹಿಗ್ಗಿ, ಸ್ಟೆಂಟಿನ ಅಳತೆ ಅರ್ಥ ಕಳೆದುಕೊಳ್ಳುತ್ತದೆ. ಮೂರು ತಿಂಗಳಿಗಿಂತ ದೀರ್ಘ ಅಧ್ಯಯನಕ್ಕೆ ಯುಕಾಟಾನ್ ಅಥವಾ ಗಾಟಿಂಗೆನ್ ಕಿರುತಳಿಗಳೇ ಬೇಕು, ಅವು ದುಬಾರಿ. ಪ್ಲಾಕ್ ಇರುವ ಹಂದಿಯೇ ಬೇಕೆಂದರೆ ಎರಡು ದಾರಿಗಳಿವೆ: 1986ರಲ್ಲಿ ವಿಸ್ಕಾನ್ಸಿನ್‌ನ ರಾಪಾಚ್ ಅವರ ತಂಡ ವಿವರಿಸಿದ ಆನುವಂಶಿಕ ಅಧಿಕ ಕೊಲೆಸ್ಟ್ರಾಲಿನ ಹಂದಿ, ಮತ್ತು 2013ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಪಿಸಿಎಸ್‌ಕೆ9 ವಂಶವಾಹಿ ಸೇರಿಸಿ ರೂಪಿಸಿದ ಕಿರುಹಂದಿ. ಮೊದಲನೆಯದರಲ್ಲಿ ಮನುಷ್ಯನದರಂತಹ ಪ್ಲಾಕ್ ಬೆಳೆಯಲು ಎರಡು ವರ್ಷಗಳಾದರೂ ಕಾಯಬೇಕು. ದೊಡ್ಡ ಅನುದಾನವಿದ್ದು, ಪ್ಲಾಕಿನ ಮೇಲೆ ಔಷಧಲೇಪಿತ ಬಲೂನು ಹೇಗೆ ವರ್ತಿಸುತ್ತದೆ ಎಂಬಂತಹ ಪ್ರಶ್ನೆಯಿದ್ದರೆ ಇದು ಅತ್ಯಂತ ಪ್ರಾಮಾಣಿಕ ಮಾದರಿ. ಉಳಿದವರಿಗೆ ಕೈಗೆಟಕದು.

ನಾಯಿ, ಕುರಿ, ಕೋತಿ

ಆಂಡ್ರಿಯಾಸ್ ಗ್ರುಂಟ್‌ಸಿಗ್ ಅವರು 1977ರಲ್ಲಿ ಜ್ಯೂರಿಕ್‌ನಲ್ಲಿ ಮನುಷ್ಯನ ಹೃದಯ ಧಮನಿಯಲ್ಲಿ ಮೊದಲ ಬಲೂನು ಅರಳಿಸುವ ಮುನ್ನ ನಾಯಿಗಳಲ್ಲಿ ಪರೀಕ್ಷಿಸಿದ್ದರು. ಇಂದು ನಾಯಿ ಈ ಕೆಲಸಕ್ಕೆ ಹಿಂದೆ ಬಿದ್ದಿದೆ. ಅದರ ರಕ್ತದಲ್ಲಿ ಹೆಪ್ಪು ಬೇಗ ಕರಗುತ್ತದೆ, ನಿಯೋಇಂಟಿಮಾ ತೆಳುವಾಗಿರುತ್ತದೆ, ಪ್ಲಾಕ್ ಸುಲಭವಾಗಿ ಕಟ್ಟುವುದಿಲ್ಲ, ಹಾಗಾಗಿ ಕೆಟ್ಟ ಸಾಧನವೂ ಒಳ್ಳೆಯದಾಗಿ ಕಂಡೀತು. ಕುರಿ ಹೃದಯದ ಕವಾಟಗಳಿಗೆ ಸರಿಯಾದ ಪ್ರಾಣಿ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯ ಕವಾಟ ಕುರಿಗಳಲ್ಲೇ ಪರೀಕ್ಷೆಯಾಗಿತ್ತು. ಸ್ಟೆಂಟಿಗೆ ಅದನ್ನು ಆರಿಸಲು ವಿಶೇಷ ಕಾರಣವಿಲ್ಲ. ಕೋತಿ, ಬಬೂನ್‌ಗಳನ್ನು ಬೇರಾವ ಪ್ರಾಣಿಯೂ ಉತ್ತರಿಸಲಾಗದ ಪ್ರಶ್ನೆಗೆ ಮಾತ್ರ ಮೀಸಲಿಡಬೇಕು.

ಪ್ರಾಣಿಗಿಂತ ಮೊದಲು ಮಾಡಬೇಕಾದ ಪರೀಕ್ಷೆ

ಸಾಧನದ ಬಾಳಿಕೆಗೆ ಪ್ರಾಣಿ ಬೇಡವೇ ಬೇಡ. ಕೃತಕ ನಾಳದಲ್ಲಿ ಸುಮಾರು 40 ಕೋಟಿ ಸಲ ಮಿಡಿಸಿ, ಹತ್ತು ವರ್ಷಗಳ ಹೃದಯ ಬಡಿತಕ್ಕೆ ಸಮನಾದ ಆಯಾಸ ಕೊಡುವ ಯಂತ್ರಗಳಿವೆ. ರಕ್ತ ಹೆಪ್ಪುಗಟ್ಟುವ ಗುಣವನ್ನು ಹೋಲಿಸಲು ರಕ್ತ ಹರಿಯುವ ಕೊಳವೆಯ ಲೂಪುಗಳಿವೆ. 162 ಮೈಕ್ರೋಮೀಟರ್ ದಪ್ಪದ ಎಳೆಗಳು 81 ಮೈಕ್ರೋಮೀಟರಿನವಕ್ಕಿಂತ ಒಂದೂವರೆ ಪಟ್ಟು ಹೆಚ್ಚು ಹೆಪ್ಪು ಕಟ್ಟಿಸುತ್ತವೆ ಎಂದು 2011ರಲ್ಲಿ ತಿಳಿದದ್ದು ಇಂತಹ ವ್ಯವಸ್ಥೆಯಿಂದಲೇ. ಭಾರತದಲ್ಲೂ 2023ರಲ್ಲಿ ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿಯಾಗಿ, ಪ್ರಾಣಿರಹಿತ ಪರೀಕ್ಷೆಗಳಿಗೆ ಜಾಗ ಸಿಕ್ಕಿದೆ. ಇಲ್ಲಿ ಸೋತ ವಿನ್ಯಾಸವನ್ನು ಹಂದಿಯವರೆಗೆ ಒಯ್ಯುವುದು ತಪ್ಪು.

ಯಾರಿಗೆ ಯಾವುದು

ಪಿಎಚ್‌.ಡಿ. ಮಾಡುತ್ತಿರುವ, ಮೂರು ವರ್ಷಗಳ ಫೆಲೋಶಿಪ್ ಇರುವ, ಪ್ಲಾಕಿನ ಔಷಧದ ಮೇಲೆ ಕೆಲಸ ಮಾಡುವ ವಿದ್ಯಾರ್ಥಿಗೆ ನನ್ನ ಸಲಹೆ ಹೀಗಿದೆ: ಉರಿಯೂತದ ಗುರಿಯಾದರೆ ಅಪೊಇ ಅಥವಾ ಎಲ್‌ಡಿಎಲ್ ರಿಸೆಪ್ಟರ್ ಇಲ್ಲದ ಸುಂಡಿಲಿ ಸಾಕು, ಕೊಬ್ಬಿನ ಸಾಗಾಟದ ಗುರಿಯಾದರೆ ಸುಂಡಿಲಿಯನ್ನು ಬಿಟ್ಟು ಮೊಲಕ್ಕೇ ಹೋಗುವುದು ಲೇಸು. ಹೊಸ ಲೇಪನ ಕಂಡುಹಿಡಿದು ಪ್ರಬಂಧ ಬರೆಯಬೇಕಾದ ಎಂಜಿನಿಯರಿಂಗ್ ತಂಡಕ್ಕೆ ಲೂಪಿನ ಪರೀಕ್ಷೆ ಮತ್ತು ಮೊಲದ ಇಲಿಯಾಕ್ ಧಮನಿ, ಈ ಜೋಡಿ ಹಣಕ್ಕೆ ತಕ್ಕ ಉತ್ತರ ಕೊಡುತ್ತದೆ. ಮಾರುಕಟ್ಟೆಗೆ ಹೋಗಲಿರುವ ಕಂಪನಿಗೆ ಹಂದಿ ತಪ್ಪಿದ್ದಲ್ಲ. 2017ರ ವೈದ್ಯಕೀಯ ಸಾಧನಗಳ ನಿಯಮದಲ್ಲಿ ಹೃದಯದ ಸ್ಟೆಂಟ್ ಅತಿ ಹೆಚ್ಚು ಅಪಾಯದ ಡಿ ವರ್ಗಕ್ಕೆ ಸೇರಿರುವುದರಿಂದ, ಅಧ್ಯಯನವನ್ನು ಜಿಎಲ್‌ಪಿ (ಉತ್ತಮ ಪ್ರಯೋಗಾಲಯ ಪದ್ಧತಿ) ಮಾನ್ಯತೆ ಇರುವ ಸಂಸ್ಥೆಯಲ್ಲೇ ಮಾಡಿಸಿ. ಹಣ ಕಡಿಮೆಯಿದೆಯೆಂದು ಹಂದಿಗಳ ಸಂಖ್ಯೆಯನ್ನು ಕುಗ್ಗಿಸುವುದಕ್ಕಿಂತ, 28 ದಿನಗಳ ಒಂದೇ ಅವಧಿಯನ್ನು ಸರಿಯಾದ ಸಂಖ್ಯೆಯಲ್ಲಿ ಮಾಡಿ, 90 ಮತ್ತು 180 ದಿನಗಳದ್ದನ್ನು ಮುಂದಿನ ಹಂತಕ್ಕೆ ಇಟ್ಟುಕೊಳ್ಳುವುದು ಉತ್ತಮ.

ಅನುಮತಿಯ ಕಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಸುಂಡಿಲಿ, ಇಲಿ, ಮೊಲಗಳ ಪ್ರಸ್ತಾವವನ್ನು ಸಂಸ್ಥೆಯ ಪ್ರಾಣಿ ನೈತಿಕ ಸಮಿತಿ ತೀರ್ಮಾನಿಸುತ್ತದೆ. ಹಂದಿಯಂತಹ ದೊಡ್ಡ ಪ್ರಾಣಿಯದಾದರೆ ಅದು ಪ್ರಾಣಿ ಪ್ರಯೋಗಗಳನ್ನು ನಿಯಂತ್ರಿಸುವ ಕೇಂದ್ರದ ಸಿಸಿಎಸ್‌ಇಎ ಸಮಿತಿಯವರೆಗೆ ಹೋಗಬೇಕು.

ಪ್ರಸ್ತಾವ ಕಳಿಸುವ ಮೊದಲು ಒಬ್ಬ ಪೆಥಾಲಜಿಸ್ಟ್ ಜೊತೆ ಕೂತು ಮಾತಾಡಿ. ಸ್ಟೆಂಟ್ ಒಳಗಿರುವ ಧಮನಿಯನ್ನು ಮೇಣದಲ್ಲಿ ಹುದುಗಿಸಿ ಸಾಮಾನ್ಯ ಮೈಕ್ರೋಟೋಮಿನಲ್ಲಿ ಕತ್ತರಿಸಲಾಗದು. ಗಟ್ಟಿ ಪ್ಲಾಸ್ಟಿಕ್ ರಾಳದಲ್ಲಿ ಹುದುಗಿಸಿ, ಲೋಹವನ್ನೂ ಕತ್ತರಿಸಬಲ್ಲ ಅಲಗಿನಿಂದ ಸೀಳಬೇಕು. ಸ್ಟೆಂಟನ್ನು ಕಿತ್ತು ತೆಗೆದು ಕತ್ತರಿಸಿದರೆ, ನೀವು ಅಳೆಯಬೇಕೆಂದಿದ್ದ ಒಳಪದರವೇ ಹರಿದುಹೋಗುತ್ತದೆ. ಈ ಸೌಲಭ್ಯ ಎಲ್ಲಿದೆ, ಎಷ್ಟು ಮಾದರಿಗಳನ್ನು ಎಷ್ಟು ದಿನಗಳಲ್ಲಿ ಕತ್ತರಿಸಿಕೊಡುತ್ತಾರೆ ಎಂಬುದಕ್ಕೆ ಬರಹದಲ್ಲಿ ಒಪ್ಪಿಗೆ ಸಿಗದೆ ಮೊದಲ ಪ್ರಾಣಿಗೆ ಅರಿವಳಿಕೆ ಕೊಡಬೇಡಿ.